ವಿಲಿಯಂ ವಾಲೇಸ್: ಚಿತ್ರ ಮರೆತ ಸೇತುವೆ



1995ರಲ್ಲಿ ತೆರೆಕಂಡ ಬ್ರೇವ್‌ಹಾರ್ಟ್ ಎಂಬ ಇಂಗ್ಲಿಷ್ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮೆಲ್ ಗಿಬ್ಸನ್ ನಿರ್ದೇಶಿಸಿ ನಟಿಸಿದ ಈ ಚಿತ್ರಕ್ಕೆ ಐದು ಆಸ್ಕರ್ ಪ್ರಶಸ್ತಿಗಳು ಬಂದವು. ನನಗೂ ಅದು ಮೆಚ್ಚಿನ ಚಿತ್ರವೇ. ಆದರೆ ಅದರ ನಾಯಕ ವಿಲಿಯಂ ವಾಲೇಸನ ನಿಜವಾದ ಜೀವನವನ್ನು ತಿಳಿದರೆ ಅವನ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

1286ರಲ್ಲಿ ಸ್ಕಾಟ್ಲೆಂಡಿನ ದೊರೆ ಮೂರನೇ ಅಲೆಕ್ಸಾಂಡರ್ ತೀರಿಕೊಂಡನು. 1290ರಲ್ಲಿ ಅವನ ವಾರಸುದಾರಳಾದ ಪುಟ್ಟ ಮೊಮ್ಮಗಳೂ ತೀರಿಕೊಂಡಳು. ಸಿಂಹಾಸನಕ್ಕೆ ಹಲವರು ಪೈಪೋಟಿಗಿಳಿದಾಗ ತೀರ್ಪು ಹೇಳಲು ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನನ್ನು ಕರೆಯಲಾಯಿತು. ಪಂಚಾಯಿತಿಗೆ ಬಂದವನೇ ಮನೆಯ ಯಜಮಾನನಾಗಿಬಿಟ್ಟನು! 1296ರಲ್ಲಿ ಅವನ ಸೈನ್ಯ ಬೆರಿಕ್ ಪಟ್ಟಣವನ್ನು ಸೂರೆಗೊಂಡು ಸ್ಕಾಟ್ ದೊರೆ ಜಾನ್ ಬೇಲಿಯಲ್‌ನನ್ನು ಪದಚ್ಯುತಗೊಳಿಸಿತು.

ಮರುವರ್ಷವೇ ವಾಲೇಸ್ ಬಂಡೆದ್ದನು. ಚಿತ್ರದಲ್ಲಿ ಅವನು ರೈತನ ಮಗ. ಇತಿಹಾಸದಲ್ಲಿ ಸಣ್ಣ ಭೂಮಾಲೀಕರ ಮನೆತನದವನು. 1297ರ ಸೆಪ್ಟೆಂಬರ್ 11ರಂದು ಸ್ಟರ್ಲಿಂಗ್‌ನಲ್ಲಿ ಇಂಗ್ಲಿಷ್ ಸೈನ್ಯ ಕಿರಿದಾದ ಮರದ ಸೇತುವೆಯನ್ನು ದಾಟತೊಡಗಿತು. ವಾಲೇಸ್ ಮತ್ತು ಆಂಡ್ರ್ಯೂ ಮರ್ರಿ ತಾಳ್ಮೆಯಿಂದ ಕಾದರು. ಒಂದು ಭಾಗ ದಾಟಿದ ಕೂಡಲೇ ಮೇಲೆರಗಿದರು. ಹಿಂದಿನವರು ಮುಂದೆ ಬರಲಾರರು, ಮುಂದಿನವರು ಹಿಂದೆ ಹೋಗಲಾರರು! ಚಿತ್ರದಲ್ಲಿ ಈ ಸೇತುವೆಯೇ ಇಲ್ಲ. ಮರ್ರಿಯೂ ಇಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಗೆಲುವಿನ ಸರಿಯಾಗಿ ಒಂದು ತಿಂಗಳ ನಂತರ, ಅಕ್ಟೋಬರ್ 11ರಂದು, ಈ ಇಬ್ಬರ ಹೆಸರಿನಲ್ಲಿ ಜರ್ಮನಿಯ ಲೂಬೆಕ್ ಮತ್ತು ಹ್ಯಾಂಬರ್ಗ್ ವರ್ತಕರಿಗೆ ಒಂದು ಪತ್ರ ಹೋಯಿತು. ನಮ್ಮ ಬಂದರುಗಳು ಮತ್ತೆ ತೆರೆದಿವೆ, ವ್ಯಾಪಾರಕ್ಕೆ ಬನ್ನಿ ಎಂಬುದು ಅದರ ಸಾರಾಂಶ. ಕತ್ತಿ ಹಿಡಿದ ಕೈಗೆ ಜನರ ಅನ್ನದ ಚಿಂತೆಯೂ ಇತ್ತು. ಆ ಪತ್ರ ಇಂದಿಗೂ ಉಳಿದಿದೆ.

ಮರ್ರಿ ಯುದ್ಧದ ಗಾಯಗಳಿಂದ ತೀರಿಕೊಂಡನು. ವಾಲೇಸ್ ರಾಜ್ಯರಕ್ಷಕನಾದನು. ಆದರೆ 1298ರ ಜುಲೈ 22ರಂದು ಫಾಲ್‌ಕರ್ಕ್‌ನಲ್ಲಿ ಎಡ್ವರ್ಡನ ಬಿಲ್ಲುಗಾರರ ಮುಂದೆ ಸೋತು ಆ ಪದವಿಯನ್ನು ಬಿಟ್ಟುಕೊಟ್ಟನು. ನಂತರ ನೆರವು ಕೋರಿ ಫ್ರಾನ್ಸಿಗೆ ಹೋದನು. 1304ರಲ್ಲಿ ಸ್ಕಾಟ್ ಶ್ರೀಮಂತರಲ್ಲಿ ಹೆಚ್ಚಿನವರು ಎಡ್ವರ್ಡನಿಗೆ ಶರಣಾದರು. ವಾಲೇಸ್ ಮಾತ್ರ ಶರಣಾಗಲಿಲ್ಲ. 1305ರಲ್ಲಿ ಗ್ಲಾಸ್ಗೋ ಬಳಿ ಅವನನ್ನು ಹಿಡಿದುಕೊಟ್ಟವನು ಒಬ್ಬ ಸ್ಕಾಟ್ ಅಧಿಕಾರಿಯೇ. ಆಗಸ್ಟ್ 23ರಂದು ಲಂಡನ್ನಿನಲ್ಲಿ ರಾಜದ್ರೋಹದ ವಿಚಾರಣೆ ನಡೆದು ಅದೇ ದಿನ ಅವನನ್ನು ಕ್ರೂರವಾಗಿ ಕೊಲ್ಲಲಾಯಿತು. ತನ್ನ ದೊರೆಯೇ ಅಲ್ಲದವನಿಗೆ ತಾನು ದ್ರೋಹ ಮಾಡಿದ್ದೆಲ್ಲಿ ಎಂಬುದು ಅವನ ವಾದವಾಗಿತ್ತು.

ಚಿತ್ರದಲ್ಲಿ ಅವನನ್ನು ಪ್ರೀತಿಸುವ ರಾಜಕುಮಾರಿ ಇಸಬೆಲ್ಲಾಳಿಗೆ ಆಗ ಸುಮಾರು ಹತ್ತು ವರ್ಷ. ಅವಳಿನ್ನೂ ಫ್ರಾನ್ಸಿನಲ್ಲೇ ಇದ್ದಳು.

ವಾಲೇಸ್ ಸೋತು ಸತ್ತನೆಂದು ನೀವು ಹೇಳಬಹುದು. ಆದರೆ 1314ರಲ್ಲಿ ರಾಬರ್ಟ್ ಬ್ರೂಸ್ ಬ್ಯಾನಕ್‌ಬರ್ನ್‌ನಲ್ಲಿ ಗೆದ್ದನು. 1328ರಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಬಿತ್ತಿದವನು ಬೆಳೆ ಕಾಣಲಿಲ್ಲ, ಅಷ್ಟೇ.

ವಿದ್ಯಾರ್ಥಿಗಳೇ, ಚಿತ್ರವನ್ನು ಸಂತೋಷದಿಂದ ನೋಡಿ. ಆದರೆ ಅದು ಮುಗಿದ ಮೇಲೆ ಒಂದು ಪುಸ್ತಕವನ್ನೂ ತೆರೆಯಿರಿ. ಚಿತ್ರ ಬಿಟ್ಟುಹೋದ ಸೇತುವೆ ನಿಮಗೆ ಅಲ್ಲಿ ಸಿಗುತ್ತದೆ.