ಮ್ಯಾಕ್ಸ್ ಸ್ಟೈನರ್

ಚಲನಚಿತ್ರದಲ್ಲಿ ಪ್ರೇಮಿಗಳಿಬ್ಬರು ಅಗಲುವ ಸನ್ನಿವೇಶ. ಮಾತು ನಿಂತುಹೋಗಿದೆ. ಅವರ ಮೊದಲ ಭೇಟಿಯಲ್ಲಿ ಕೇಳಿಬಂದಿದ್ದ ಸ್ವರಮಾಲೆಯೇ ಈಗ ಮೆಲ್ಲನೆ ಮತ್ತೆ ನುಡಿಯುತ್ತದೆ. ನೋಡುವವರ ಕಣ್ಣು ತೇವಗೊಳ್ಳುತ್ತದೆ. ಇದು ನಮಗೆ ಇಂದು ಸಹಜವೆನಿಸುತ್ತದೆ. ಆದರೆ ವಾಕ್ಚಿತ್ರಗಳು ಬಂದ ಹೊಸತರಲ್ಲಿ, ವಾದ್ಯಗಾರರು ತೆರೆಯ ಮೇಲೆ ಕಾಣದಿರುವಾಗ ಸಂಗೀತವೆಲ್ಲಿಂದ ಬಂತೆಂದು ಪ್ರೇಕ್ಷಕರು ಕೇಳಿಯಾರೆಂಬ ಅಳುಕು ನಿರ್ಮಾಪಕರಲ್ಲಿತ್ತು. ಆ ಅಳುಕನ್ನು ತೊಡೆದುಹಾಕಿದವರಲ್ಲಿ ಅಗ್ರಗಣ್ಯನು ಮ್ಯಾಕ್ಸ್ ಸ್ಟೈನರ್.

ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ 1888ರ ಮೇ 10ರಂದು ಅವನ ಜನನ. ತಾತನೂ ತಂದೆಯೂ ರಂಗಭೂಮಿಯ ವ್ಯವಹಾರದಲ್ಲಿದ್ದವರು. ಸಂಗೀತ ಕಲಿತು, ತರುಣನಾಗಿ ಲಂಡನ್ನಿನ ರಂಗಮಂದಿರಗಳಲ್ಲಿ ವಾದ್ಯವೃಂದವನ್ನು ನಡೆಸುತ್ತಿದ್ದಾಗ 1914ರಲ್ಲಿ ಮಹಾಯುದ್ಧ ಸಿಡಿಯಿತು. ಅಲ್ಲಿ ಅವನೀಗ ಶತ್ರುದೇಶದ ಪ್ರಜೆ! ಆ ವರ್ಷದ ಕೊನೆಯಲ್ಲಿ ನ್ಯೂಯಾರ್ಕ್ ಸೇರಿದಾಗ ಅವನಲ್ಲಿದ್ದುದು 32 ಡಾಲರುಗಳು ಮಾತ್ರ. ಅನ್ಯರ ಸ್ವರಲಿಪಿಯನ್ನು ನಕಲು ಮಾಡುವ ಕೆಲಸಕ್ಕೂ ಅವನು ಹಿಂಜರಿಯಲಿಲ್ಲ. ಅಲ್ಲಿಯ ಸಂಗೀತ ನಾಟಕಗಳಲ್ಲಿ ಹದಿನೈದು ವರ್ಷ ದುಡಿದು, 1929ರಲ್ಲಿ ಹಾಲಿವುಡ್ಡಿಗೆ ಬಂದನು.

1933ರ 'ಕಿಂಗ್ ಕಾಂಗ್' ಚಿತ್ರಕ್ಕೆ ಹಳೆಯ ಸಂಗೀತವನ್ನೇ ಜೋಡಿಸಬೇಕೆಂದು ಕಷ್ಟದಲ್ಲಿದ್ದ ಸಂಸ್ಥೆ ಸೂಚಿಸಿತು. ನಿರ್ಮಾಪಕ ಕೂಪರ್ ವೆಚ್ಚವನ್ನು ತಾನೇ ಹೊರುವುದಾಗಿ ಮುಂದೆ ಬಂದನು. ಸ್ಟೈನರ್ ರಚಿಸಿದ ಸಂಗೀತದಿಂದ ಆ ಬೊಂಬೆ ವಾನರನಿಗೆ ಜೀವ ಬಂದಿತು. 1939ರ 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ ಅವನು ಸಹಾಯಕರೊಡನೆ ಹಗಲಿರುಳು ಶ್ರಮಿಸಿ ಸುಮಾರು ಮೂರು ಗಂಟೆಗಳ ಸಂಗೀತವನ್ನು ಒದಗಿಸಿದನು. ಪ್ರೇಮಕಥೆಯಾದರೂ ಅದರ ಅತ್ಯಂತ ಹೃದಯಸ್ಪರ್ಶಿಯಾದ ಸ್ವರಮಾಲೆ ಸಂದುದು ಪ್ರೇಮಿಗಳಿಗಲ್ಲ. ನಾಯಕಿಯ ಹುಟ್ಟುಮನೆಯಾದ 'ತಾರಾ' ಎಂಬ ತೋಟದ ನೆಲಕ್ಕೆ.

ಅವನ ನಿಜವಾದ ಪರೀಕ್ಷೆ ನಡೆದುದು 1942ರ 'ಕಾಸಾಬ್ಲಾಂಕಾ' ಚಿತ್ರದಲ್ಲಿ. ಅದರಲ್ಲಿ ಪಿಯಾನೋ ವಾದಕನು ಹಾಡುವ ಪ್ರೇಮಗೀತೆ ಸ್ಟೈನರನದಲ್ಲ. ಹರ್ಮನ್ ಹಪ್‌ಫೆಲ್ಡ್ ಎಂಬಾತನು 1931ರಲ್ಲಿ ರಚಿಸಿದ್ದುದು. ಸ್ಟೈನರನಿಗೆ ಅದು ಹಿಡಿಸಲಿಲ್ಲ. ತನ್ನದೇ ಗೀತೆಯನ್ನು ಸೇರಿಸಬಯಸಿದನು. ಹಾಗೆ ಮಾಡಲು ಕೆಲವು ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಬೇಕಿತ್ತು. ಅಷ್ಟರಲ್ಲಿ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಮತ್ತೊಂದು ಪಾತ್ರಕ್ಕಾಗಿ ತಲೆಗೂದಲನ್ನು ಕತ್ತರಿಸಿಕೊಂಡಿದ್ದಳು! ಬೇರೆ ದಾರಿಯಿರಲಿಲ್ಲ. ಬೇರೊಬ್ಬನಾಗಿದ್ದರೆ ಬೇಸರದಿಂದ ಕೆಲಸ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದನೇನೋ. ಸ್ಟೈನರ್ ತಾನೊಲ್ಲದ ಹಾಡನ್ನೇ ಇಡೀ ಚಿತ್ರದ ಉಸಿರಾಗಿಸಿದನು. ಹಳೆಯ ಪ್ರೇಮಿಗಳ ಕಣ್ಣುಗಳು ಸಂಧಿಸಿದಾಗ ಪಿಯಾನೋದ ಆ ಹಾಡನ್ನು ವಾದ್ಯವೃಂದ ಎತ್ತಿಕೊಳ್ಳುತ್ತದೆ. ಪ್ಯಾರಿಸಿನ ನೆನಪುಗಳಲ್ಲಿ ಅದು ನಲಿಯುತ್ತದೆ, ವಿಮಾನ ನಿಲ್ದಾಣದ ವಿದಾಯದಲ್ಲಿ ಮರುಗುತ್ತದೆ. ಅನ್ಯನ ಹಾಡಿಗೆ ಸಂದ ಗೌರವದಲ್ಲಿ ಸ್ಟೈನರನ ಪಾಲು ಕಡಿಮೆಯದಲ್ಲ.

1935, 1942 ಮತ್ತು 1944ರ ಚಿತ್ರಗಳಿಗಾಗಿ ಅವನಿಗೆ ಮೂರು ಬಾರಿ ಆಸ್ಕರ್ ಪ್ರಶಸ್ತಿ ದೊರೆಯಿತು. ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಯಿತು; ಸಂಗೀತದ ಅಭಿರುಚಿಯೂ ಬದಲಾಗುತ್ತಿತ್ತು. ಆದರೂ 71ನೆಯ ವಯಸ್ಸಿನಲ್ಲಿ 'ಎ ಸಮ್ಮರ್ ಪ್ಲೇಸ್' ಚಿತ್ರದ ಹರೆಯದ ಪ್ರೇಮಿಗಳಿಗೆಂದು ಅವನು ರಚಿಸಿದ ಸ್ವರಮಾಲೆ ಯುವಜನರ ಮನಸೂರೆಗೊಂಡಿತು. ಪರ್ಸಿ ಫೇಯ್ತ್‌ನ ವಾದ್ಯವೃಂದ ನುಡಿಸಿದ ಅದರ ಧ್ವನಿಮುದ್ರಿಕೆ 1960ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಒಂಬತ್ತು ವಾರಗಳ ಕಾಲ ಮೊದಲ ಸ್ಥಾನದಲ್ಲಿತ್ತು. ಸ್ಟೈನರ್ 1971ರ ಡಿಸೆಂಬರ್ 28ರಂದು ಹಾಲಿವುಡ್ಡಿನಲ್ಲಿ ಕಾಲವಾದನು. ಆ ವೇಳೆಗೆ ಅವನು ದುಡಿದಿದ್ದ ಚಿತ್ರಗಳ ಸಂಖ್ಯೆ 300ನ್ನು ಮೀರಿತ್ತು.