ಮುಪ್ಪಿಗೆ ಆಸರೆಯಾದ ಫ್ರಾನ್ಸಿಸ್ ಪರ್ಕಿನ್ಸ್

ಅಮೆರಿಕದ ಕೋಟ್ಯಂತರ ವೃದ್ಧರಿಗೆ ಇಂದು ಪ್ರತಿ ತಿಂಗಳು ಪಿಂಚಣಿ ದೊರೆಯುತ್ತಿದೆ. ಅದನ್ನು ಯಾರದೋ ದಯೆಯಿಂದ ಬಿಡಿಸಿ ಕಾನೂನಿನ ಹಕ್ಕಾಗಿಸಲು ದುಡಿದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಅಗ್ರಗಣ್ಯರು.

1880ರ ಏಪ್ರಿಲ್ 10ರಂದು ಬಾಸ್ಟನ್‌ನಲ್ಲಿ ಜನಿಸಿದ ಅವರು ಸಮಾಜಸೇವೆಯ ಹಾದಿ ಹಿಡಿದು ನ್ಯೂಯಾರ್ಕ್ ಸೇರಿದರು. 1911ರ ಮಾರ್ಚ್ 25ರಂದು ಅಲ್ಲಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತ ದುರಂತವನ್ನು ಕಣ್ಣಾರೆ ಕಂಡರು. ದುಡಿಯುವವರನ್ನು ಕಾನೂನೇ ಕಾಯಬೇಕೆಂಬ ನಂಬಿಕೆ ಅಂದು ಗಟ್ಟಿಯಾಯಿತು. ಮುಂದೆ ಪತಿ ಮಾನಸಿಕ ಕಾಯಿಲೆಗೆ ತುತ್ತಾದಾಗ ಸಂಸಾರದ ಹೊಣೆಯೂ ಅವರ ಹೆಗಲೇರಿತು.

1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಕಾರ್ಮಿಕ ಸಚಿವರಾಗಲು ಆಹ್ವಾನಿಸಿದರು. ವೃದ್ಧಾಪ್ಯ ಪಿಂಚಣಿ, ನಿರುದ್ಯೋಗ ವಿಮೆ, ಕನಿಷ್ಠ ವೇತನ, ಆರೋಗ್ಯ ವಿಮೆಗಳಿದ್ದ ಬೇಡಿಕೆಗಳ ಪಟ್ಟಿಯನ್ನು ಮುಂದಿಟ್ಟು, ಅಧ್ಯಕ್ಷರ ಸಮ್ಮತಿ ಪಡೆದ ನಂತರವೇ ಪರ್ಕಿನ್ಸ್ ಹುದ್ದೆ ಒಪ್ಪಿದರು. ಅಮೆರಿಕದ ಸಂಪುಟ ಸೇರಿದ ಮೊದಲ ಮಹಿಳೆ ಅವರೇ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಳುಗಿ, ಜೀವಮಾನದ ಉಳಿತಾಯ ಕಳೆದುಕೊಂಡ ಅನೇಕ ವೃದ್ಧರು ಬೀದಿಗೆ ಬಿದ್ದಿದ್ದರು. ಪರಿಹಾರ ಸೂಚಿಸಲು 1934ರಲ್ಲಿ ನೇಮಕವಾದ ಸಮಿತಿಗೆ ಪರ್ಕಿನ್ಸ್ ಅಧ್ಯಕ್ಷರಾದರು. ಅದರ ವರದಿಯ ಆಧಾರದ ಮೇಲೆ ರೂಪುಗೊಂಡ ಸಾಮಾಜಿಕ ಭದ್ರತಾ ಕಾಯ್ದೆಗೆ 1935ರ ಆಗಸ್ಟ್ 14ರಂದು ಅಧ್ಯಕ್ಷರ ಸಹಿ ಬಿತ್ತು.

ಕಾಯ್ದೆಯಲ್ಲಿ ವೃದ್ಧರಿಗೆ ಎರಡು ದಾರಿಗಳಿದ್ದವು. ಕಾರ್ಮಿಕರು ಮತ್ತು ಮಾಲೀಕರ ವಂತಿಗೆಯಿಂದ 65 ವರ್ಷದ ನಂತರ ಪಿಂಚಣಿ ಒಂದು. ಆಗಲೇ ಮುದುಕರಾಗಿದ್ದ ಬಡವರಿಗೆ ರಾಜ್ಯಗಳು ನೀಡುವ ನೆರವಿಗೆ ಕೇಂದ್ರದ ಪಾಲು ಮತ್ತೊಂದು. ಆದರೆ ಕೃಷಿ ಕೂಲಿಗಳು ಮತ್ತು ಮನೆಗೆಲಸದವರು ಪಿಂಚಣಿಯಿಂದ ಹೊರಗುಳಿದರು. ಅವರಿಗೆ ಬಾಗಿಲು ತೆರೆದದ್ದು 1950ರ ದಶಕದಲ್ಲಿ.

1937ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ವ್ಯವಸ್ಥೆಯನ್ನು ಎತ್ತಿಹಿಡಿಯಿತು. 1939ರ ತಿದ್ದುಪಡಿ ಪತ್ನಿ, ವಿಧವೆ ಹಾಗೂ ಮಕ್ಕಳಿಗೂ ಸೌಲಭ್ಯ ವಿಸ್ತರಿಸಿತು. ಹೀಗೆ ಒಬ್ಬರ ದುಡಿಮೆ ಇಡೀ ಕುಟುಂಬಕ್ಕೆ ಆಸರೆಯಾಯಿತು. 1940ರ ಜನವರಿಯಲ್ಲಿ ಮಾಸಿಕ ಪಿಂಚಣಿಯ ಮೊದಲ ಚೆಕ್ ಐಡಾ ಮೇ ಫುಲ್ಲರ್ ಅವರ ಹೆಸರಿನಲ್ಲಿ ಹೊರಬಿತ್ತು. ಮೊತ್ತ 22.54 ಡಾಲರ್.

1945ರಲ್ಲಿ ಸಚಿವ ಸ್ಥಾನ ಬಿಟ್ಟ ಪರ್ಕಿನ್ಸ್, ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೋಧಕರಾದರು. 1965ರ ಮೇ 14ರಂದು, 85ರ ಹರೆಯದಲ್ಲಿ ನಿಧನರಾದರು. ಅವರ ಪಟ್ಟಿಯಲ್ಲಿ ಆರೋಗ್ಯ ವಿಮೆಯೊಂದು ಕೈಗೂಡದೆ ಉಳಿದಿತ್ತು. ಅದೇ ವರ್ಷದ ಜುಲೈ 30ರಂದು 65 ದಾಟಿದವರ ಆರೋಗ್ಯ ವಿಮೆಯಾದ ಮೆಡಿಕೇರ್ ಕಾನೂನಾಯಿತು. ಅದನ್ನು ಕಾಣಲು ಅವರಿರಲಿಲ್ಲ.