ಗಾಜನ್ನು ಪಿಂಗಾಣಿ ಮಾಡಹೊರಟ ರಿಯೋಮರ್

ಸೆಲ್ಸಿಯಸ್, ಫ್ಯಾರನ್‌ಹೀಟ್ ನಮಗೆಲ್ಲ ಗೊತ್ತು. ರಿಯೋಮರ್ ಮಾಪಕ ಅಂತ ಇನ್ನೊಂದು ಇತ್ತು. ಅದರಲ್ಲಿ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತೆ, 80 ಡಿಗ್ರಿಗೆ ಕುದಿಯುತ್ತೆ. 1730ರಲ್ಲಿ ಅದನ್ನು ಕೊಟ್ಟವರು ಫ್ರಾನ್ಸ್ ದೇಶದ ವಿಜ್ಞಾನಿ ರಿಯೋಮರ್. ಅವರ ಥರ್ಮಾಮೀಟರಿನಲ್ಲಿ ಇದ್ದದ್ದು ಪಾದರಸ ಅಲ್ಲ, ಮದ್ಯಸಾರ.

ಇವರು 1683ರ ಫೆಬ್ರವರಿ 28ರಂದು ಲಾ ರೊಷೆಲ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. 1708ರಲ್ಲೇ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಉಕ್ಕು, ಕೀಟ, ಕೋಳಿಮೊಟ್ಟೆ, ಯಾವುದನ್ನೂ ಬಿಟ್ಟವರಲ್ಲ! ಕಣಜ ಮರದ ನಾರನ್ನು ಅಗಿದು ಕಾಗದದಂಥ ಗೂಡು ಕಟ್ಟುವುದನ್ನು ನೋಡಿ, ಮರದಿಂದಲೂ ಕಾಗದ ಮಾಡಬಹುದೆಂದು 1719ರಲ್ಲೇ ತಿಳಿಸಿದರು. ಆಗ ಅಲ್ಲಿ ಕಾಗದ ಆಗುತ್ತಿದ್ದದ್ದು ಚಿಂದಿ ಬಟ್ಟೆಯಿಂದ.

ಆದರೆ ನನಗೆ ಹಿಡಿಸಿದ್ದು ಅವರ ಗಾಜಿನ ಕೆಲಸ. ಚೀನಾದ ಪಿಂಗಾಣಿಗೆ ಆಗ ಯುರೋಪಿನಲ್ಲಿ ಭಾರಿ ಬೆಲೆ. ಜರ್ಮನಿಯ ಮೈಸನ್ನಿನವರು ಗುಟ್ಟು ಕಂಡುಕೊಂಡಿದ್ದರೂ ಬಿಟ್ಟುಕೊಡಲು ತಯಾರಿರಲಿಲ್ಲ. ರಿಯೋಮರ್ ಬೇರೆ ದಾರಿ ಹಿಡಿದರು. ಸಾಧಾರಣ ಗಾಜಿನ ಸೀಸೆಗಳನ್ನು ಮಣ್ಣಿನ ಪಾತ್ರೆಯಲ್ಲಿಟ್ಟು, ಸುತ್ತ ಮರಳು ಮತ್ತು ಜಿಪ್ಸಂ ಪುಡಿ ತುಂಬಿ, ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸಿದರು. ತೆಗೆದು ನೋಡಿದರೆ ಗಾಜು ಬೆಳ್ಳಗಾಗಿತ್ತು, ಆಚೆಯದು ಕಾಣುತ್ತಿರಲಿಲ್ಲ. 1739ರಲ್ಲಿ ಇದನ್ನು ಪ್ರಕಟಿಸಿದರು.

ಇದು ಹೇಗೆ? ಗಾಜಿನಲ್ಲಿ ಅಣುಗಳು ಸಂತೆಯ ಜನರ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ತಕ್ಕ ಶಾಖದಲ್ಲಿ ಬಹಳ ಹೊತ್ತು ಇಟ್ಟರೆ ಸಾಲಾಗಿ ನಿಂತು ಹರಳುಗಟ್ಟುತ್ತವೆ. ಜೇನುತುಪ್ಪ ಸೀಸೆಯಲ್ಲೇ ಹರಳಾಗುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ರಿಯೋಮರರ ಗಾಜಿನಲ್ಲಿ ಹರಳು ಮೇಲ್ಮೈಯಿಂದ ಶುರುವಾಗಿ ನಾರು ನಾರಾಗಿ ಒಳಕ್ಕೆ ಬೆಳೆಯುತ್ತಿತ್ತು. ಹೀಗಾಗಿ ಗಟ್ಟಿತನ ಸಾಲಲಿಲ್ಲ. ನಿಜವಾದ ಪಿಂಗಾಣಿ ಅವರ ಕೈಗೆ ಸಿಗಲೇ ಇಲ್ಲ. 1757ರ ಅಕ್ಟೋಬರ್ 17ರಂದು ಕುದುರೆಯಿಂದ ಬಿದ್ದು ತೀರಿಕೊಂಡರು.

1953ರಲ್ಲಿ ಅಮೆರಿಕದ ಸ್ಟೂಕಿ ಎಂಬವರು 600 ಡಿಗ್ರಿ ಸೆಲ್ಸಿಯಸ್‌ಗೆ ಇಡಬೇಕಿದ್ದ ಕುಲುಮೆ ಕೆಟ್ಟು 900ಕ್ಕೆ ಏರಿತು. ಒಳಗಿದ್ದ ಗಾಜು ಕರಗುವ ಬದಲು ಪೂರ್ತಿ ಹರಳುಗಟ್ಟಿತ್ತು. ಕೆಳಗೆ ಬಿದ್ದರೂ ಒಡೆಯಲಿಲ್ಲ.

ಈಗ ಸೆಲೆನಿಯಂ, ಟೆಲ್ಲೂರಿಯಂ ಬೆರೆಸಿದ ಗಾಜಿನ ತೆಳು ಪೊರೆಯಿಂದ ಶಾಖ ಅಳೆಯಲು ಸಂಶೋಧಕರು ನೋಡುತ್ತಿದ್ದಾರೆ. ಶಾಖ ಗೊತ್ತಾದ ಮಟ್ಟ ದಾಟಿದರೆ ಪೊರೆ ಹರಳಾಗುತ್ತೆ, ಬೆಳಕು ಹಿಂದಕ್ಕೆ ಬರುವ ಪ್ರಮಾಣ ಬದಲಾಗುತ್ತೆ. ತಣ್ಣಗಾದರೂ ಅದು ಹರಳಾಗಿಯೇ ಉಳಿಯುತ್ತೆ. ಮತ್ತೆ ಗಾಜಾಗಬೇಕಾದರೆ ಕರಗಿಸಿ ಥಟ್ಟನೆ ತಣಿಸಬೇಕು.